ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ಗೆ ಹೊಸದಾಗಿ ಬಂದ ನಿಮಗೆ

ನೀವು ಕೇಳಿದ್ದು ಮೂರು: ಮನೆ ಎಲ್ಲಿ ಹುಡುಕುವುದು, ಮಗಳನ್ನು ಯಾವ ಶಾಲೆಗೆ ಸೇರಿಸುವುದು, ತಂಡದ ಮುಂದೆ ‘ಇದು ನನಗೆ ತಿಳಿಯುತ್ತಿಲ್ಲ’ ಎಂದರೆ ಮುಖ್ಯಸ್ಥರಾದ ನಿಮ್ಮ ಬೆಲೆ ಇಳಿಯುತ್ತದೆಯೇ ಎಂಬುದು. ಮನೆ ಸಿಗುವುದು ಕಷ್ಟ; ಊರೊಳಗೇ ಬೇಕೆಂದು ಹಟ ಹಿಡಿಯದೆ ವೆಲ್ಡ್‌ಹೋವನ್, ಹೆಲ್ಮೊಂಡ್ ಕಡೆಗೂ ನೋಡಿ. ಮಗಳು ಚಿಕ್ಕವಳಾದ್ದರಿಂದ ಡಚ್ ಶಾಲೆಗೇ ಸೇರಿಸಿ, ಭಾಷೆ ಅವಳಿಗೆ ನಮಗಿಂತ ಬೇಗ ಒಲಿಯುತ್ತದೆ. ಮೂರನೆಯದನ್ನು ಅಷ್ಟು ಸುಲಭವಾಗಿ ಮುಗಿಸಲಾರೆ.

ನಾನು ಬಂದ ಹೊಸತರಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ತಾವೇ ಬಿಳಿ ಹಲಗೆಯ ಮೇಲೆ ಬರೆದಿದ್ದ ವೇಳಾಪಟ್ಟಿಗೆ ಕೆಂಪು ಗೆರೆ ಎಳೆದು, ‘ಈ ಅಂದಾಜು ನನ್ನದು, ತಪ್ಪಾಗಿದೆ. ಯಾರಿಗಾದರೂ ದಾರಿ ಹೊಳೆಯುತ್ತದೆಯೇ?’ ಎಂದು ಕೇಳಿದರು. ನನಗೆ ಗಾಬರಿಯಾಯಿತು. ದೊಡ್ಡವರು ಹಾಗೆಂದರೆ ಸದರವಾಗಿಬಿಡುತ್ತಾರೆ ಎಂಬ ನಮ್ಮ ಕಡೆಯ ಅಳುಕನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ತರಬೇತಿಗೆಂದು ಬಂದಿದ್ದ ಹುಡುಗಿಯೊಬ್ಬಳು ಎದ್ದು ಹೋಗಿ, ಅವರ ಕೈಯಿಂದಲೇ ಪೆನ್ನು ತೆಗೆದುಕೊಂಡು, ಎರಡು ಸಾಲುಗಳನ್ನು ಅದಲುಬದಲು ಮಾಡಿದಳು. ಅವರು ತಲೆಯಾಡಿಸಿ ಮುಂದಿನ ವಿಷಯ ಎತ್ತಿಕೊಂಡರು. ಅವರ ಮೇಲಿನ ಗೌರವ ಯಾರಿಗೂ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ.

ಹಾಗೆಂದು ಅವರನ್ನು ನೋಡಿ ಎಲ್ಲವನ್ನೂ ಬಿಚ್ಚಿಡಬೇಡಿ. ಅವರ ಧೈರ್ಯಕ್ಕೆ ಕಾನೂನಿನ ಬೆಂಬಲವಿದೆ. ಇಲ್ಲಿ ಕಾಯಂ ನೌಕರರನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯಲು ಕಂಪನಿ ಸಾಮಾನ್ಯವಾಗಿ ಸರ್ಕಾರಿ ಸಂಸ್ಥೆಯ ಅನುಮತಿಯನ್ನೋ ನ್ಯಾಯಾಲಯದ ಆದೇಶವನ್ನೋ ಪಡೆಯಬೇಕು. ಕಾಯಿಲೆ ಬಿದ್ದರೆ 2 ವರ್ಷದವರೆಗೆ ಕನಿಷ್ಠ ಶೇ. 70ರಷ್ಟು ಸಂಬಳ ಬರುತ್ತದೆ. ಏನು ಕಾಯಿಲೆ ಎಂದು ಮೇಲಧಿಕಾರಿ ಕೇಳುವಂತಿಲ್ಲ, ಅದು ಕಂಪನಿಯ ವೈದ್ಯರಿಗೆ ಬಿಟ್ಟ ವಿಷಯ. ನಿಮ್ಮದಾದರೋ ಕೆಲಸಕ್ಕೆ ಅಂಟಿಕೊಂಡ ವಾಸದ ಪರವಾನಗಿ. ಕೆಲಸ ಹೋದರೆ ಹೊಸದನ್ನು ಹುಡುಕಲು ಹೆಚ್ಚೆಂದರೆ 3 ತಿಂಗಳು. ಪ್ರೊಬೇಷನ್ 2 ತಿಂಗಳನ್ನು ಮೀರುವಂತಿಲ್ಲ, ಅದು ಮುಗಿಯುವವರೆಗೆ ಮನೆಯ ಸಂಕಟಗಳನ್ನು ಹೇಳಿಕೊಳ್ಳುವ ಆತುರ ಬೇಡ. ಕೆಲಸದ ತೊಡಕನ್ನು ಮಾತ್ರ ಮೊದಲ ವಾರದಿಂದಲೇ ಹೇಳಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಾಸನದ ಕಡೆಯ ಗೆಳೆಯರೊಬ್ಬರು ನಿಮ್ಮಂತೆಯೇ ತಂಡವೊಂದರ ಹೊಣೆ ಹೊತ್ತು ಬಂದಿದ್ದರು. ಕೆಲಸದಲ್ಲಿ ನಮ್ಮೆಲ್ಲರಿಗಿಂತ ಗಟ್ಟಿಗರು. ಪ್ರತಿ ಸಭೆಯಲ್ಲೂ ‘ಆಗುತ್ತದೆ, ತೊಂದರೆಯಿಲ್ಲ’ ಎಂದರು. ಅವರ ಕೈಕೆಳಗಿನ ಹುಡುಗರೂ ಅವರಿಗೆ ಅದನ್ನೇ ಒಪ್ಪಿಸಿದರು. ವರ್ಷದ ಕೊನೆಗೆ ಕರಾರು ಮುಂದುವರಿಯಲಿಲ್ಲ. ಊರಿಗೆ ಹೊರಡುವ ಮುನ್ನ ನಮ್ಮ ಮನೆಗೆ ಊಟಕ್ಕೆ ಬಂದವರು ಚೀಲದಿಂದ ನೋಟ್‌ಬುಕ್ ತೆಗೆದು ತೋರಿಸಿದರು. ಯೋಜನೆಯ ಒಂದೊಂದು ತೊಡಕೂ ದಿನಾಂಕ ಸಮೇತ ದುಂಡಗಿನ ಅಕ್ಷರಗಳಲ್ಲಿತ್ತು. ಆಫೀಸಿನಲ್ಲಿ ಅದನ್ನು ಯಾರೂ ಕಂಡಿರಲಿಲ್ಲ. ‘ಮಾರ್ಚ್‌ನಲ್ಲೇ ಹೇಳಿದ್ದರೆ ಇನ್ನಿಬ್ಬರನ್ನು ಕೊಡುತ್ತಿದ್ದೆನಲ್ಲ?’ ಎಂದು ಅವರ ಮೇಲಧಿಕಾರಿ ಕೊನೆಯ ಭೇಟಿಯಲ್ಲಿ ಕೇಳಿದರಂತೆ. ಅಂಥ ಮನುಷ್ಯ ಹಾಗೆ ಹಿಂದಿರುಗಬೇಕಾಯಿತಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ನಿಮ್ಮ ತಂಡದಲ್ಲಿ ನಮ್ಮ ಕಡೆಯ ಇಬ್ಬರು ಹುಡುಗರಿದ್ದಾರೆ ಎಂದು ಬರೆದಿದ್ದೀರಿ. ಅವರು ಡಚ್ಚರ ಮುಖ ನೋಡುವುದಿಲ್ಲ, ನಿಮ್ಮ ಮುಖ ನೋಡುತ್ತಾರೆ. ಮುಂದಿನ ಸಭೆಯಲ್ಲಿ ನಿಮಗೆ ಅರ್ಥವಾಗದ ಒಂದನ್ನು ಅವರ ಎದುರಿಗೇ ಕೇಳಿಬಿಡಿ. ಆಮೇಲೆ ಅವರಲ್ಲೊಬ್ಬ ತಡವರಿಸುತ್ತ ಬಾಯಿಬಿಟ್ಟರೆ, ಎಷ್ಟೇ ಕೆಟ್ಟ ಸುದ್ದಿಯಾದರೂ ಪೂರ್ತಿ ಕೇಳಿಸಿಕೊಳ್ಳಿ. ಮನೆಯ ದಲ್ಲಾಳಿಯ ವಿಷಯ ಫೋನಿನಲ್ಲಿ ಮಾತಾಡೋಣ. ಭಾನುವಾರ ಮೂವರೂ ಊಟಕ್ಕೆ ಬನ್ನಿ.