ಗರ್ಭದಲ್ಲೇ ಶುರುವಾದದ್ದು ತಾಯಿಯಿಂದ ಬಂದದ್ದಲ್ಲ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಇರುವ ನಾಲ್ಕು ವರ್ಷದ ಮಗಳ ಫಿಶ್ ಪರೀಕ್ಷೆಯಲ್ಲಿ (ಹೊಳೆಯುವ ಗುರುತುಗಳಿಂದ ಜೀನ್‌ಗಳ ಜಾಗ ಪತ್ತೆಹಚ್ಚುವ ಪರೀಕ್ಷೆ) 12 ಮತ್ತು 21ನೇ ವರ್ಣತಂತುಗಳ ನಡುವಿನ ಸ್ಥಾನಾಂತರ, ಅಂದರೆ ತುಂಡುಗಳ ಅದಲುಬದಲು, ಕಂಡುಬಂದಿತ್ತು. ಇದು ಗರ್ಭದಲ್ಲೇ ಆಗಿರಬಹುದೆಂದು ತಂದೆ ಓದಿ ಹೇಳಿದ ಮೇಲೆ ತಾಯಿ ತಾವು ಬಸುರಿಯಾಗಿದ್ದಾಗ ನುಂಗಿದ ಮಾತ್ರೆಗಳನ್ನೆಲ್ಲ ನೆನಪಿಸಿಕೊಂಡು ಕೊರಗುತ್ತಿದ್ದರು. ಹಿರಿಯರು ದೋಷ ಯಾರ ಕಡೆಯಿಂದ ಬಂತೆಂದು ಹುಡುಕುತ್ತಿದ್ದರು.

ನಾನು ಕಾಗದದ ಮೇಲೆ ಎರಡು ವರ್ಣತಂತುಗಳನ್ನು ಬರೆದು ವಿವರಿಸಿದೆ. ಭ್ರೂಣದ ಒಂದೇ ಒಂದು ರಕ್ತಜನಕ ಕೋಶದಲ್ಲಿ ಎರಡೂ ವರ್ಣತಂತುಗಳು ತುಂಡಾಗಿ, ದುರಸ್ತಿಯ ವೇಳೆ ತುದಿಗಳು ಅದಲುಬದಲಾಗಿ ಬೆಸೆದುಕೊಳ್ಳುತ್ತವೆ. ಆಗ ಇಟಿವಿ6 ಜೀನ್‌ನ ಮುಂಭಾಗಕ್ಕೆ ರನ್‌ಎಕ್ಸ್1 ಜೀನ್‌ನ ಬಹುಭಾಗ ಅಂಟಿಕೊಂಡು ಸಮ್ಮಿಳನ ಜೀನ್ ಹುಟ್ಟುತ್ತದೆ. ರಕ್ತಕೋಶ ಬಲಿಯಲು ಬೇಕಾದ ಜೀನ್‌ಗಳನ್ನು ರನ್‌ಎಕ್ಸ್1 ಚಾಲೂ ಮಾಡಬೇಕಾದಲ್ಲಿ, ಈ ಬೆರಕೆ ಪ್ರೋಟೀನು ಅವನ್ನು ಅದುಮಿಡುತ್ತದೆ. ಆದರೂ ಇಷ್ಟರಿಂದಲೇ ಲ್ಯುಕೇಮಿಯಾ ಬರುವುದಿಲ್ಲ. ಜನನಾನಂತರ ಇನ್ನಷ್ಟು ಬದಲಾವಣೆಗಳು, ಎಷ್ಟೋ ಸಲ ಉಳಿದ ಸರಿಯಾದ ಇಟಿವಿ6 ಪ್ರತಿಯ ನಷ್ಟವೂ ಸೇರಬೇಕು. 2002ರ ಅಧ್ಯಯನವೊಂದು ನೂರು ನವಜಾತ ಶಿಶುಗಳಲ್ಲಿ ಸುಮಾರು ಒಂದರಲ್ಲಿ ಈ ಸಮ್ಮಿಳನವನ್ನು ಕಂಡಿತ್ತು. ಅಂಥವರಲ್ಲಿ ರೋಗಕ್ಕೆ ತುತ್ತಾಗುವವರು ತೀರ ಕಡಿಮೆ.

ಹೀಗಾಗಿ ಇದು ಮಗುವಿನದೇ ಕೋಶದಲ್ಲಿ ನಡೆದದ್ದು. ಅಂಡಾಣುವಿನಲ್ಲೂ ವೀರ್ಯಾಣುವಿನಲ್ಲೂ ಇದ್ದದ್ದಲ್ಲ. ತಾಯಿಯ ಮಾತ್ರೆಗಳತ್ತ ಬೆರಳು ಮಾಡಲು ಆಧಾರವಿಲ್ಲವೆಂದೂ, ಈ ಕಾರಣಕ್ಕಾಗಿ ತಂದೆತಾಯಿಯ ಇಲ್ಲವೇ ಅಣ್ಣನ ವರ್ಣತಂತು ಪರೀಕ್ಷೆ ಬೇಡವೆಂದೂ ತಿಳಿಸಿದೆ. ಒಂದೇ ಮಾಸು ಹಂಚಿಕೊಂಡ ತದ್ರೂಪಿ ಅವಳಿ ಇದ್ದಿದ್ದರೆ ಮಾತು ಬೇರೆಯಾಗುತ್ತಿತ್ತು, ಏಕೆಂದರೆ ಆ ಮಾಸಿನ ರಕ್ತನಾಳಗಳ ಮೂಲಕ ಬದಲಾದ ಕೋಶ ಒಂದು ಶಿಶುವಿನಿಂದ ಇನ್ನೊಂದಕ್ಕೆ ದಾಟಬಲ್ಲದು.

ತಂದೆ ಇದನ್ನು "ಒಳ್ಳೆಯ ಲ್ಯುಕೇಮಿಯಾ" ಎಂದರು. ಆ ಮಾತು ನನಗೆ ಹಿಡಿಸಲಿಲ್ಲ. ಈ ಗುಂಪಿನ ಮಕ್ಕಳಲ್ಲಿ ಚಿಕಿತ್ಸೆ ಸಾಮಾನ್ಯವಾಗಿ ಚೆನ್ನಾಗಿ ಫಲಿಸುತ್ತದೆ, ನಿಜ. 9 ಮತ್ತು 22ರ ಸ್ಥಾನಾಂತರದಿಂದ ಬರುವ ಬಿಸಿಆರ್-ಎಬಿಎಲ್1 ಎಂಬ ಬೇರೊಂದು ಸಮ್ಮಿಳನ ಜೀನ್ ಇದ್ದಿದ್ದರೆ ಅದರ ಪ್ರೋಟೀನನ್ನು ತಡೆಯುವ ಇಮ್ಯಾಟಿನಿಬ್‌ನಂಥ ಔಷಧವನ್ನೂ ಸೇರಿಸಬೇಕಾಗುತ್ತಿತ್ತು. ಆದರೆ ಸಮ್ಮಿಳನದ ಹೆಸರೊಂದೇ ಭರವಸೆಯಲ್ಲ. ಮೊದಲ ಹಂತ ಮುಗಿದಾಗ ಮಜ್ಜೆಯಲ್ಲಿ ಎಷ್ಟು ರೋಗಕೋಶ ಉಳಿದಿದೆಯೆಂದು ವೈದ್ಯರನ್ನು ಕೇಳಿ ತಿಳಿಯಬೇಕು. ಮಗು ಲವಲವಿಕೆಯಿಂದಿದ್ದರೂ ಎರಡು ವರ್ಷಕ್ಕೂ ಮೀರಿ ಸಾಗುವ ಚಿಕಿತ್ಸೆಯ ಮಾತ್ರೆಗಳನ್ನು ನಡುವೆ ಬಿಡಬಾರದು.

ಮುಂದಿನ ಭೇಟಿಗೆ ಹಿರಿಯರನ್ನೂ ಕರೆತರಲು ಹೇಳಿದೆ; ಆರೋಪ ಹೊತ್ತವರೇ ಮನೆಯಲ್ಲಿ ಈ ವಿವರಣೆ ಕೊಡಬೇಕಾದರೆ ಅದು ಸಮಜಾಯಿಷಿಯಂತೆ ಕೇಳಿಸುತ್ತದೆ.