ಓದುಗರ ಪ್ರಶ್ನೆ, ನಮ್ಮ ಉತ್ತರ: ಕಣ್ಣಿಗೆ ಬಿದ್ದದ್ದೆಲ್ಲ ತಪ್ಪೇ?

ಪರರ ದಿನನಿತ್ಯದ ನಡವಳಿಕೆಯನ್ನು ಕಂಡು ನಮ್ಮಲ್ಲಿ ಏಳುವ ತೀರ್ಪುಗಳ ಬಗ್ಗೆ ಮುಂಬಯಿಯ ಬೇರೆ ಬೇರೆ ಕಡೆಗಳಿಂದ ಬಂದಿರುವ ನಾಲ್ಕು ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಮಾನ್ಯರೇ, ನಾನು ದಿನವೂ ಡೊಂಬಿವಲಿಯಿಂದ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಲೋಕಲ್ ರೈಲಿನಲ್ಲಿ ಹೋಗಿಬರುವವಳು. ಸಂಜೆಯ ಲೇಡೀಸ್ ಡಬ್ಬಾದಲ್ಲಿ ಒಬ್ಬರು ಮೆಂತ್ಯ ಸೊಪ್ಪು ಬಿಡಿಸುತ್ತಾರೆ, ಇನ್ನೊಬ್ಬರು ನಾನು ಇಳಿಯುವ ತನಕವೂ ಫೋನಿನಲ್ಲಿ ಗಟ್ಟಿಯಾಗಿ ಮಾತನಾಡುತ್ತಾರೆ, ಮತ್ತೊಬ್ಬರು ಇನ್ನೂ ಗಾಡಿ ಹತ್ತದ ಗೆಳತಿಗಾಗಿ ಬ್ಯಾಗ್ ಇಟ್ಟು ಸೀಟು ಹಿಡಿಯುತ್ತಾರೆ. ಇವರನ್ನೆಲ್ಲ ನೋಡಿದರೆ ‘ಸಂಸ್ಕಾರವಿಲ್ಲದವರು’ ಎನ್ನಿಸುತ್ತದೆ. ಆಮೇಲೆ ಹಾಗೆನ್ನಿಸಿದ್ದಕ್ಕೆ ಬೇಸರವೂ ಆಗುತ್ತದೆ. ಹೀಗೆ ಜನರನ್ನು ಅಳೆಯುವುದು ತಪ್ಪೇ?
— ಡೊಂಬಿವಲಿಯ ಓದುಗರು

ಉತ್ತರ: ನೀವು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಮಾತಿನಲ್ಲಿ ಕಟ್ಟಿಹಾಕಿದ್ದೀರಿ. ಮೊದಲು ಅವುಗಳನ್ನು ಬಿಡಿಸಿ ನೋಡೋಣ.

ಸೊಪ್ಪು ಬಿಡಿಸುವವರಿಂದ ಯಾರಿಗೂ ಏನೂ ನಷ್ಟವಿಲ್ಲ. ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಡಬ್ಬಿ ಕಟ್ಟಿ ಹೊರಟ ಹೆಂಗಸು, ಮನೆ ಸೇರಿದೊಡನೆ ಒಲೆ ಹಚ್ಚಬೇಕಾಗಿರುವುದರಿಂದ, ತೊಡೆಯ ಮೇಲೆ ಬಟ್ಟೆಯ ಚೀಲ ಹರವಿ, ಎಲೆಯನ್ನು ಒಂದು ಕಡೆಗೂ ದಂಟನ್ನು ಇನ್ನೊಂದು ಕಡೆಗೂ ಹಾಕುತ್ತ ಆ ಒಂದು ಗಂಟೆಯನ್ನು ಉಳಿಸಿಕೊಳ್ಳುತ್ತಾಳೆ. ದಂಟನ್ನು ಸೀಟಿನ ಕೆಳಗೆ ತಳ್ಳಿ ಇಳಿದುಹೋದರೆ ಮಾತ್ರ ಅದು ತಪ್ಪು, ಏಕೆಂದರೆ ಆ ಕಸವನ್ನು ಗುಡಿಸುವವರು ಯಾರೋ ಇದ್ದಾರೆ.

ಫೋನಿನ ಮಾತು ನಿಜವಾಗಿಯೂ ಕಿರಿಕಿರಿಯದ್ದೇ. ಆದರೆ ಆ ಕಿರಿಕಿರಿಗೆ ಆಕೆಯ ಸಂಸ್ಕಾರವೊಂದೇ ಕಾರಣವಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲಾರೆನ್ ಎಂಬರ್ಸನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇಬ್ಬರ ಪೂರ್ತಿ ಸಂಭಾಷಣೆ ಕಿವಿಗೆ ಬೀಳುವಾಗ ಗಮನ ಅಷ್ಟಾಗಿ ಕೆಡದವರಿಗೂ ಒಬ್ಬರ ಮಾತು ಮಾತ್ರ ಕೇಳುವಾಗ ಕೆಲಸದಲ್ಲಿ ಮನಸ್ಸು ನಿಲ್ಲದೆ ಹೋದದ್ದು ಕಂಡುಬಂದಿತು. ಮುಂದಿನ ಮಾತು ಯಾವಾಗ, ಏನು ಎಂದು ಊಹಿಸಲಾಗದೆ ಮನಸ್ಸು ಮತ್ತೆ ಮತ್ತೆ ಅತ್ತಲೇ ಹೋಗುತ್ತದೆ. ಅಲ್ಲದೆ, ಸದ್ದಿನ ನಡುವೆ ಮನುಷ್ಯರ ದನಿ ತಾನಾಗಿಯೇ ಏರುತ್ತದೆ ಎಂಬುದನ್ನು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 20ನೇ ಶತಮಾನದ ಆರಂಭದಲ್ಲೇ ಗುರುತಿಸಿದ್ದರು. ಓಡುವ ಲೋಕಲ್‌ನಲ್ಲಿ ಮೆಲುದನಿಯ ಮಾತು ಆ ಕಡೆಯವರಿಗೆ ಮುಟ್ಟುವುದೂ ಕಷ್ಟ. ‘ಸ್ವಲ್ಪ ಮೆತ್ತಗೆ ಮಾತನಾಡುತ್ತೀರಾ’ ಎಂದು ಕೇಳಲು ನಿಮಗೆ ಖಂಡಿತ ಹಕ್ಕಿದೆ. ಆದರೆ ಆಕೆಯ ಮನೆತನದವರೆಗೆ ಹೋಗುವ ಅಗತ್ಯವಿಲ್ಲ.

ಸೀಟು ಹಿಡಿಯುವ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು. ಕುಳಿತವರನ್ನು ‘ಎಲ್ಲಿ ಇಳಿಯುತ್ತೀರಿ’ ಎಂದು ಕೇಳಿ, ಅವರು ಎದ್ದಾಗ ಆ ಜಾಗ ನನ್ನದು ಎಂದು ಹೇಳಿಟ್ಟುಕೊಳ್ಳುವ ಪದ್ಧತಿ ಮುಂಬಯಿಯ ಹೆಂಗಸರೇ ಕಟ್ಟಿಕೊಂಡ ಅಲಿಖಿತ ಸರತಿಸಾಲು, ಅದರಲ್ಲಿ ಮೊದಲು ಕೇಳಿದವರಿಗೆ ಮೊದಲು ಸಿಗುತ್ತದೆ. ಗಾಡಿಯನ್ನೇ ಹತ್ತದವರಿಗಾಗಿ ಜಾಗ ಹಿಡಿದರೆ ಎದುರಿಗೆ ನಿಂತವರ ಪಾಲು ಹೋಗುತ್ತದೆ. ‘ಜಾಗ ಖಾಲಿ ಇದೆಯಲ್ಲ, ಬ್ಯಾಗ್ ಎತ್ತಿಕೊಳ್ಳಿ’ ಎಂದು ನೇರವಾಗಿ ಹೇಳಿ. ಹೇಳದೆ ಮನಸ್ಸಿನಲ್ಲೇ ಬೈದುಕೊಂಡು ಬಂದರೆ ನಿಂತವರಿಗೆ ಸೀಟಂತೂ ಸಿಗುವುದಿಲ್ಲ.

ಇನ್ನು ‘ಸಂಸ್ಕಾರವಿಲ್ಲದವರು’ ಎಂಬ ತೀರ್ಪಿನ ಮಾತು. ನಾವು ತಡವಾಗಿ ಬಂದರೆ ಗಾಡಿ ತಡವಾಯಿತು ಎನ್ನುತ್ತೇವೆ, ಬೇರೆಯವರು ತಡವಾಗಿ ಬಂದರೆ ಅವರ ಸ್ವಭಾವವೇ ಹಾಗೆ ಎನ್ನುತ್ತೇವೆ. ಪರರ ನಡತೆಗೆ ಸಂದರ್ಭವನ್ನು ಬಿಟ್ಟು ಸ್ವಭಾವವನ್ನೇ ಹೊಣೆ ಮಾಡುವ ಈ ಒಲವನ್ನು ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಹೆಸರಿಟ್ಟು ವಿವರಿಸಿದರು. ಅದಕ್ಕೂ ಮೊದಲು, 1973ರಲ್ಲಿ, ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬಿಬ್ಬರು ಪ್ರಿನ್ಸ್‌ಟನ್‌ನಲ್ಲಿ ನಡೆಸಿದ ಪ್ರಯೋಗವೊಂದರ ಫಲಿತಾಂಶ ಪ್ರಕಟವಾಗಿತ್ತು. ಉಪನ್ಯಾಸ ಕೊಡಲು ಬೇರೊಂದು ಕಟ್ಟಡಕ್ಕೆ ಹೊರಟಿದ್ದ ಧರ್ಮಶಾಸ್ತ್ರದ ವಿದ್ಯಾರ್ಥಿಗಳ ದಾರಿಯಲ್ಲಿ ಒಬ್ಬಾತ ಬಾಗಿಲ ಬಳಿ ಕುಸಿದು ನರಳುವಂತೆ ಏರ್ಪಾಡು ಮಾಡಲಾಗಿತ್ತು. ಸಮಯವಿದೆ ಎಂದು ಹೇಳಿಸಿಕೊಂಡವರಲ್ಲಿ ಶೇಕಡಾ 63ರಷ್ಟು ಮಂದಿ ನೆರವಿಗೆ ಬಂದರೆ, ಈಗಾಗಲೇ ತಡವಾಗಿದೆ ಎಂದು ಹೇಳಿಸಿಕೊಂಡವರಲ್ಲಿ ಶೇಕಡಾ 10ರಷ್ಟು ಮಂದಿ ಮಾತ್ರ ನಿಂತರು. ಪ್ರಯೋಗದಲ್ಲಿದ್ದ ಒಟ್ಟು ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನ ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ದಯಾಳು ಸಮಾರಿಯದವನ ಕಥೆಯ ಮೇಲೆಯೇ ಮಾತನಾಡಲು ಹೊರಟವರು! ಅವಸರ ಅಷ್ಟು ಕೆಲಸ ಮಾಡುತ್ತದೆ ಎಂದಾದರೆ, ಸಂಜೆ ಆರು ಗಂಟೆಯ ದಾದರ್ ಪ್ಲಾಟ್‌ಫಾರ್ಮಿನಲ್ಲಿ ಕಂಡ ನಡತೆಯಿಂದ ಯಾರೊಬ್ಬರ ಗುಣವನ್ನೂ ಅಳೆಯಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ನಾನು ಒಂದು ಕನ್ನಡ ಸಂಘದ ಪದಾಧಿಕಾರಿ. ಮಾಟುಂಗಾದಲ್ಲಿ ಭಾನುವಾರ ನಡೆಸುವ ನಮ್ಮ ಕಾರ್ಯಕ್ರಮಗಳಿಗೆ ಜನ ತಡವಾಗಿ ಬರುತ್ತಾರೆ, ವಂದನಾರ್ಪಣೆಗೆ ಮೊದಲೇ ಎದ್ದು ಹೋಗುತ್ತಾರೆ. ಇದು ಭಾಷಾಭಿಮಾನದ ಕೊರತೆಯಲ್ಲವೇ?
— ಸಯನ್‌ನ ಓದುಗರು

ಉತ್ತರ: ಅಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿದ ಕಾಲದಲ್ಲಿ ಸದಸ್ಯರು ಮಾಟುಂಗಾ, ದಾದರ್‌ಗಳ ಆಸುಪಾಸಿನಿಂದ ನಡೆದು ಬರಬಹುದಾಗಿತ್ತು. ಈಗ ನಿಮ್ಮ ಸಭಿಕರು ವಿರಾರ್, ಡೊಂಬಿವಲಿ, ಪನ್ವೇಲ್‌ಗಳಿಂದ ಬರುವವರು. ಭಾನುವಾರವೆಂದರೆ ಮಧ್ಯ ರೈಲ್ವೆಯಲ್ಲಿ ಮೆಗಾ ಬ್ಲಾಕ್, ಅಂದರೆ ದುರಸ್ತಿಗಾಗಿ ಕೆಲವು ಹಳಿಗಳನ್ನು ಕೆಲವು ಗಂಟೆ ಮುಚ್ಚುವ ಏರ್ಪಾಡು, ಇರುವ ದಿನ. ಅದರಲ್ಲೂ ಮಾಟುಂಗಾ–ಮುಲುಂಡ್ ನಡುವೆ ಬ್ಲಾಕ್ ಇದ್ದರೆ ಫಾಸ್ಟ್ ಗಾಡಿಗಳು ಸ್ಲೋ ಹಳಿಗೆ ಬಂದು ತಡವಾಗುವುದು ಪ್ರತಿಯೊಬ್ಬ ಮುಂಬಯಿಕರರಿಗೂ ಗೊತ್ತಿರುವ ವಿಷಯ. ಆ ಬ್ಲಾಕ್ ದಾಟಿ, ಮಕ್ಕಳನ್ನೂ ಕರೆದುಕೊಂಡು, ಕನ್ನಡ ಕೇಳಲು ಬಂದವರಲ್ಲಿ ಅಭಿಮಾನವಿಲ್ಲವೆನ್ನುವುದು ಅನ್ಯಾಯ.

ನಾನು ದೋಷ ಹುಡುಕುವುದಾದರೆ ವೇದಿಕೆಯ ಕಡೆಗೇ ನೋಡುತ್ತೇನೆ. ಹತ್ತು ಗಂಟೆಯ ಕಾರ್ಯಕ್ರಮವನ್ನು ಮುಖ್ಯ ಅತಿಥಿಗಳು ಬಂದಿಲ್ಲವೆಂದು ಮುಕ್ಕಾಲು ಗಂಟೆ ತಡಮಾಡಿ, ಸಾಲಾಗಿ ಕುಳಿತ ಎಲ್ಲರಿಗೂ ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲ ಕೊಟ್ಟು, ಪ್ರತಿ ಸಲವೂ ಫೋಟೊಗೆ ನಿಲ್ಲಿಸುವ ಸಂಘ, ಸಭಿಕರ ಸಮಯವನ್ನು ತಾನೇ ತಿಂದಿರುತ್ತದೆ. ಕೂತವರು ಎದ್ದು ಹೋಗುವುದು ಎಲ್ಲರ ಕಣ್ಣಿಗೆ ಬೀಳುತ್ತದೆ. ಅವರನ್ನು ಕಾಯಿಸಿದ್ದು ಯಾರಿಗೂ ಕಾಣುವುದಿಲ್ಲ. ಹೇಳಿದ ವೇಳೆಗೆ ಶುರುಮಾಡಿ, ವಂದನಾರ್ಪಣೆಯನ್ನು ಎರಡು ನಿಮಿಷಕ್ಕೆ ಇಳಿಸಿ.

ಪ್ರಶ್ನೆ: ನಾನು ಕುಂದಾಪುರದ ಕಡೆಯವನು, ಅಂಧೇರಿಯ ಕಚೇರಿಯೊಂದರಲ್ಲಿ ಹೊಸದಾಗಿ ಸೇರಿದ್ದೇನೆ. ಚಹಾವನ್ನು ಬಸಿಗೆ ಸುರಿದು ಕುಡಿದದ್ದಕ್ಕೆ ಸಹೋದ್ಯೋಗಿಗಳು ಮುಖ ಮುಖ ನೋಡಿಕೊಂಡು ನಕ್ಕರು. ಅಭ್ಯಾಸ ಬಿಡಬೇಕೇ?
— ಹೆಸರು ಬೇಡವೆಂದ ಓದುಗರು

ಉತ್ತರ: ಬಿಡಬೇಕಾಗಿಲ್ಲ, ತಮ್ಮಾ. ಬಸಿಯ ಅಗಲದಲ್ಲಿ ಚಹಾ ಬೇಗ ಆರುತ್ತದೆ, ಆ ಉಪಾಯದಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನೀವಿರುವ ಈ ಮುಂಬಯಿಯ ಇರಾನಿ ಹೋಟೆಲುಗಳಲ್ಲೇ ತಲೆಮಾರುಗಟ್ಟಲೆ ಜನ ಹಾಗೆ ಕುಡಿದಿದ್ದಾರೆ. ಊಟ-ತಿಂಡಿಯ ಮರ್ಯಾದೆ ಊರಿಗೊಂದು ಬಗೆ: ಜಪಾನಿನಲ್ಲಿ ನೂಡಲ್ಸನ್ನು ಸೊರ್ ಎಂದು ಎಳೆದು ತಿಂದರೆ ಯಾರೂ ಹುಬ್ಬೇರಿಸುವುದಿಲ್ಲ. ನಕ್ಕವರು ನೀವು ಎಲ್ಲಿಂದ ಬಂದಿರಿ ಎಂಬುದನ್ನು ಅಳೆದಿದ್ದಾರೆ, ನಿಮ್ಮ ಕೆಲಸವನ್ನಲ್ಲ. ನಾಳೆಯೂ ಬಸಿ ಕೇಳಿ ತೆಗೆದುಕೊಳ್ಳಿ.

ಪ್ರಶ್ನೆ: ನಾವು ನಿವೃತ್ತ ದಂಪತಿ, ಮುಲುಂಡ್‌ನ ಸೊಸೈಟಿಯೊಂದರ ಏಳನೇ ಮಹಡಿಯಲ್ಲಿದ್ದೇವೆ. ಪಕ್ಕದ ಮನೆಯ ಕನ್ನಡದ ಯುವದಂಪತಿ ದಿನವೂ ರಾತ್ರಿ ಹೊರಗಿನಿಂದ ಊಟ ತರಿಸುತ್ತಾರೆ. ಡೆಲಿವರಿಯವರು ಮುಖ್ಯ ಲಿಫ್ಟ್ ಬಳಸಬಾರದೆಂದು ನಮ್ಮಲ್ಲಿ ಫಲಕ ಹಾಕಿರುವುದರಿಂದ ಅವರು ಹಿಂದಿನ ಮೆಟ್ಟಿಲು ಹತ್ತಿ ಬರುವ ಸದ್ದಿಗೆ ಎಚ್ಚರವಾಗುತ್ತದೆ. ಆ ಹುಡುಗಿಗೆ ಒಂದು ಅನ್ನ-ಸಾರು ಮಾಡಲೂ ಆಗದೇ?
— ಮುಲುಂಡ್‌ನ ಓದುಗರು

ಉತ್ತರ: ಆಕೆ ಅಡುಗೆ ಮಾಡುವುದೂ ಬಿಡುವುದೂ ಅವರ ಮನೆಯ ಸಂಗತಿ; ಆ ಹುಡುಗನಿಗೂ ಎರಡು ಕೈಗಳಿವೆ ಎಂಬುದು ನಿಮ್ಮ ಪತ್ರದಲ್ಲಿ ಎಲ್ಲಿಯೂ ಬಂದಿಲ್ಲ.

ನನ್ನನ್ನು ಕಲಕಿದ್ದು ನೀವು ಸಹಜವೆಂಬಂತೆ ಬರೆದ ಇನ್ನೊಂದು ಮಾತು. ಊಟದ ಚೀಲ ಹೊತ್ತವನು ಏಳು ಮಹಡಿ ಮೆಟ್ಟಿಲು ಹತ್ತಬೇಕು, ಅದೂ ಪಕ್ಕದಲ್ಲೇ ಲಿಫ್ಟ್ ಖಾಲಿ ನಿಂತಿರುವಾಗ. ಈ ನಗರದ ಎಷ್ಟೋ ಕಟ್ಟಡಗಳಲ್ಲಿ ಮನೆಗೆಲಸದವರಿಗೂ ಡೆಲಿವರಿಯವರಿಗೂ ಇಂಥದೇ ಕಟ್ಟಳೆಗಳಿವೆ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟವರನ್ನು, ಗ್ಯಾಲರಿಯಲ್ಲಿ ಸೀರೆ ಒಣಹಾಕಿದವರನ್ನು ಸಭೆಗಳಲ್ಲಿ ತರಾಟೆಗೆ ತೆಗೆದುಕೊಳ್ಳುವ ನಾವು ಆ ಕಟ್ಟಳೆಗಳ ಬಗ್ಗೆ ತುಟಿ ಬಿಚ್ಚುವುದಿಲ್ಲ. ಒಬ್ಬರ ಚಪ್ಪಲಿಯಿಂದ ಯಾರ ಮೊಣಕಾಲೂ ನೋಯುವುದಿಲ್ಲ. ಏಳು ಮಹಡಿಯ ಮೆಟ್ಟಿಲಿನಿಂದ ನೋಯುತ್ತದೆ. ಸೊಸೈಟಿಯ ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಆ ಫಲಕ ತೆಗೆಸಬೇಕೆಂದು ನೀವೇ ವಿಷಯ ಎತ್ತಿ, ಲಿಖಿತವಾಗಿ ಮೊದಲೇ ಕಾರ್ಯದರ್ಶಿಗೆ ಕೊಡಿ. ಪಕ್ಕದ ಮನೆಯವರನ್ನೂ ಜೊತೆಗೆ ಕರೆದುಕೊಳ್ಳಿ, ಅವರ ಸಹಿಯೂ ಇರಲಿ.