ಮೊಣಕಾಲಿನ ಗೆಡ್ಡೆ ಮತ್ತೆ ಬಂದಿದೆ ಅನ್ನುತ್ತಾರೆ. ಅದೇ ಗೆಡ್ಡೆ ಎಂದು ಖಚಿತವಾಗುವುದು ಹೇಗೆ?

ನಿಮ್ಮ ತಮ್ಮನಿಗೆ 28 ವರ್ಷ. ಮೊಣಕಾಲಿನ ಹತ್ತಿರ 'ಜಯಂಟ್ ಸೆಲ್ ಟ್ಯೂಮರ್' (ದೈತ್ಯ ಕೋಶಗಳು ತುಂಬಿರುವ ಮೂಳೆ ಗೆಡ್ಡೆ) ಎಂದು ಹೇಳಿ, ಕೆರೆದು ತೆಗೆದು ಸಿಮೆಂಟ್ ತುಂಬಿ ಎರಡು ವರ್ಷವಾಗಿದೆ. ಈಗ ಮತ್ತೆ ನೋವು. ಒಬ್ಬ ಡಾಕ್ಟರ್ ಅದೇ ವಾಪಸ್ ಬಂದಿದೆ ಅಂದರು, ಇನ್ನೊಬ್ಬರು ಬೇರೆ ಏನೋ ಇರಬಹುದು ಅಂದರು. ಮತ್ತೆ ಬಯಾಪ್ಸಿ (ತುಣುಕು ತೆಗೆದು ಪರೀಕ್ಷೆ) ಬೇಕಾ ಎಂದು ಕೇಳಿದ್ದೀರಿ. ನಾನು ಪೆಥಾಲಜಿಸ್ಟ್, ಮೂಳೆ ಗೆಡ್ಡೆಗಳ ಸ್ಲೈಡ್ ನೋಡುವುದು ನನ್ನ ಕೆಲಸ. ಬಯಾಪ್ಸಿ ಬಹುಶಃ ಬೇಕಾಗುತ್ತದೆ. ಆದರೆ ಅದಕ್ಕೂ ಮೊದಲು ಮಾಡಬೇಕಾದ ಕೆಲಸಗಳಿವೆ.

ಮೊದಲು ಹಳೆಯದನ್ನೆಲ್ಲ ಒಟ್ಟು ಮಾಡಿ. ಆಪರೇಷನ್‌ಗೆ ಮುಂಚಿನ ಎಕ್ಸ್‌ರೇ, ಆಮೇಲಿನ ಎಲ್ಲ ಎಕ್ಸ್‌ರೇ, ಹಳೆಯ ಸ್ಲೈಡ್, ಮುಖ್ಯವಾಗಿ ಮೇಣದ ಬ್ಲಾಕ್. ಆಗ ತೆಗೆದ ಗೆಡ್ಡೆಯ ತುಣುಕು ಆ ಬ್ಲಾಕ್‌ನಲ್ಲೇ ಇರುತ್ತದೆ, ಹೊಸ ಪರೀಕ್ಷೆಗೆ ಮತ್ತೆ ಕತ್ತರಿಸಬಹುದು. ಲ್ಯಾಬ್‌ಗೆ ಅರ್ಜಿ ಕೊಟ್ಟು ಕೇಳಿ. ಬರೀ ರಿಪೋರ್ಟ್ ಹಾಳೆ ಸಾಲದು.

ಇಷ್ಟೆಲ್ಲ ಯಾಕೆ ಅಂದರೆ, ಸ್ಲೈಡ್‌ನಲ್ಲಿ ದೈತ್ಯ ಕೋಶಗಳು ಕಂಡ ಮಾತ್ರಕ್ಕೆ ಅದು ಜಯಂಟ್ ಸೆಲ್ ಟ್ಯೂಮರ್ ಆಗುವುದಿಲ್ಲ. ಅನ್ಯೂರಿಸ್ಮಲ್ ಬೋನ್ ಸಿಸ್ಟ್, ಕಾಂಡ್ರೊಬ್ಲಾಸ್ಟೊಮಾ ಎಂಬ ಬೇರೆ ಮೂಳೆ ಗೆಡ್ಡೆಗಳಲ್ಲೂ, ಆಸ್ಟಿಯೊಸಾರ್ಕೊಮಾ ಎಂಬ ಮೂಳೆ ಕ್ಯಾನ್ಸರ್‌ನ ಕೆಲವು ಬಗೆಗಳಲ್ಲೂ ಅವೇ ಕೋಶಗಳು ತುಂಬಿರುತ್ತವೆ. ಎಕ್ಸ್‌ರೇ ನೋಡದೆ ಮೂಳೆ ಗೆಡ್ಡೆಗೆ ಹೆಸರಿಡಲು ನಾನು ಒಪ್ಪುವುದಿಲ್ಲ. ನಿಜವಾದ ಜಯಂಟ್ ಸೆಲ್ ಟ್ಯೂಮರ್ ಸಾಮಾನ್ಯವಾಗಿ ಬೆಳವಣಿಗೆ ಮುಗಿದವರಲ್ಲಿ, ಅಂದರೆ 20ರಿಂದ 40ರ ವಯಸ್ಸಿನಲ್ಲಿ, ಮೂಳೆಯ ತುದಿಯಲ್ಲಿ ಕೀಲಿಗೆ ಅಂಟಿಕೊಂಡಂತೆ ಬರುತ್ತದೆ. ನಿಮ್ಮ ತಮ್ಮನ ವಯಸ್ಸು, ಜಾಗ ಎರಡೂ ಹೊಂದುತ್ತವೆ.

ಆದರೂ ಒಂದು ರಕ್ತ ಪರೀಕ್ಷೆ ಬಿಡಬೇಡಿ. ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ಪ್ಯಾರಾಥೈರಾಯ್ಡ್ ಎಂಬ ಪುಟ್ಟ ಗ್ರಂಥಿಗಳಿವೆ. ಅವು ಹಾರ್ಮೋನನ್ನು ಜಾಸ್ತಿ ಸುರಿಸಿದರೆ ಮೂಳೆಯಲ್ಲಿ 'ಬ್ರೌನ್ ಟ್ಯೂಮರ್' ಎಂಬ ಗೆಡ್ಡೆಯಂಥದ್ದು ಆಗಬಹುದು. ಸ್ಲೈಡ್‌ನಲ್ಲಿ ಅದನ್ನು ಬೇರೆ ಮಾಡಿ ಹೇಳುವುದು ಬಹಳ ಕಷ್ಟ. ಅದಕ್ಕೆ ಮದ್ದು ಇರುವುದು ಕುತ್ತಿಗೆಯಲ್ಲಿ, ಮೊಣಕಾಲಿನಲ್ಲಲ್ಲ. ಕ್ಯಾಲ್ಸಿಯಂ ಒಂದನ್ನೇ ನೋಡಿ ಸುಮ್ಮನಾಗಬಾರದು. ವಿಟಮಿನ್ ಡಿ ಕಡಿಮೆ ಇದ್ದರೆ ಕ್ಯಾಲ್ಸಿಯಂ ನಾರ್ಮಲ್ ಎಂದೇ ಬರಬಹುದು, ನಮ್ಮಲ್ಲಿ ಆ ಕೊರತೆ ತುಂಬಾ ಜನಕ್ಕಿದೆ. ಪಿಟಿಎಚ್ (ಆ ಪ್ಯಾರಾಥೈರಾಯ್ಡ್ ಹಾರ್ಮೋನ್), ವಿಟಮಿನ್ ಡಿ ಎರಡನ್ನೂ ಜೊತೆಗೇ ಮಾಡಿಸಿ.

ಇನ್ನು ಎಕ್ಸ್‌ರೇ. ಸಿಮೆಂಟ್ ಸುತ್ತ ಒಂದೆರಡು ಮಿಲಿಮೀಟರ್ ಕಪ್ಪು ಗೆರೆ, ಅದರಾಚೆ ತೆಳು ಬಿಳಿ ಅಂಚು ಇದ್ದರೆ ಹೆದರಬೇಕಿಲ್ಲ. ಆ ಗೆರೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ ಗೆಡ್ಡೆ ಮರಳಿದೆ ಎಂಬ ಅನುಮಾನ ಬಲವಾಗುತ್ತದೆ. ಹಳೆಯ ಫಿಲ್ಮ್‌ಗಳನ್ನು ಸಾಲಾಗಿ ಇಟ್ಟು ನೋಡಿದರೇ ಇದು ತಿಳಿಯುವುದು. ಮರಳುವುದು ಅಪರೂಪವೇನಲ್ಲ, ಹೆಚ್ಚಾಗಿ ಮೊದಲ ಎರಡು ಮೂರು ವರ್ಷದಲ್ಲೇ ಬರುತ್ತದೆ.

ಬಯಾಪ್ಸಿ ವಿಷಯದಲ್ಲಿ ನಾನು ಹಟ ಹಿಡಿದು ಹೇಳುವುದು ಒಂದೇ: ಮುಂದೆ ಆಪರೇಷನ್ ಮಾಡುವ ಸರ್ಜನ್ ಹೇಳಿದ ದಾರಿಯಲ್ಲೇ ಸೂಜಿ ಹೋಗಬೇಕು. ಅಮೆರಿಕದ ಡಾ. ಹೆನ್ರಿ ಮ್ಯಾಂಕಿನ್ ಮತ್ತು ಸಂಗಡಿಗರು 1982ರಲ್ಲಿ 329 ರೋಗಿಗಳ ದಾಖಲೆ ನೋಡಿ, ಸರಿಯಾಗಿ ಯೋಜಿಸದ ಬಯಾಪ್ಸಿಯಿಂದ ಕೆಲವರು ಸುಮ್ನೆ ಕೈಕಾಲು ಕಳೆದುಕೊಂಡದ್ದನ್ನು ತೋರಿಸಿದರು. ಹಾಗಾಗಿ ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗಳಂಥ, ಮೂಳೆ ಗೆಡ್ಡೆಗಳನ್ನು ಸದಾ ನೋಡುವ ಕಡೆ ಹೋಗಿ.

ತುಣುಕು ಸಿಕ್ಕ ಮೇಲೆ 'ಎಚ್3 ಜಿ34ಡಬ್ಲ್ಯೂ' ಬಣ್ಣದ ಪರೀಕ್ಷೆ ಮಾಡಲು ಕೇಳಿ, ಹಳೆಯ ಬ್ಲಾಕ್ ಮೇಲೂ ಮಾಡಲಿ. ಜಯಂಟ್ ಸೆಲ್ ಟ್ಯೂಮರ್‌ಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತರಲ್ಲಿ ಎಚ್3ಎಫ್3ಎ ಎಂಬ ಜೀನ್ ಬದಲಾಗಿರುತ್ತದೆ ಎಂದು 2013ರಲ್ಲಿ ಗೊತ್ತಾಯಿತು. ಈ ಬಣ್ಣ ತೋರಿಸುವುದು ಆ ಬದಲಾವಣೆಯನ್ನೇ. ವಿಶೇಷ ಅಂದರೆ ಆ ಬದಲಾವಣೆ ಇರುವುದು ದೈತ್ಯ ಕೋಶಗಳಲ್ಲಲ್ಲ, ಅವುಗಳ ನಡುವಿನ ಸಣ್ಣ ಕೋಶಗಳಲ್ಲಿ. ನಿಜವಾದ ಗೆಡ್ಡೆ ಅವೇ. ಎರಡೂ ತುಣುಕಿನಲ್ಲಿ ಬಣ್ಣ ಹಿಡಿದರೆ ಅದೇ ಗೆಡ್ಡೆ ಎನ್ನಲು ಒಳ್ಳೆಯ ಆಧಾರ. ಹಿಡಿಯದಿದ್ದರೆ ಅಲ್ಲವೇ ಅಲ್ಲ ಎಂದೇನೂ ಅರ್ಥವಲ್ಲ. ಬಣ್ಣ ಹಿಡಿದರೂ ಕ್ಯಾನ್ಸರ್ ಆಗಿ ತಿರುಗಿದೆಯಾ ಎಂದು ಕೋಶಗಳ ರೂಪ ನೋಡಲೇಬೇಕು. ಅದು ಅಪರೂಪ, ಆದರೆ ಆಗುತ್ತದೆ.

ತಮ್ಮನಿಗೆ ಯಾವಾಗಲಾದರೂ ಡೆನೊಸುಮ್ಯಾಬ್ ಎಂಬ, ಈ ಗೆಡ್ಡೆಗೆ ಕೊಡುವ ಇಂಜೆಕ್ಷನ್ ಕೊಟ್ಟಿದ್ದರೆ ದಯವಿಟ್ಟು ಅದನ್ನು ಲ್ಯಾಬ್ ಫಾರ್ಮ್‌ನಲ್ಲಿ ಬರೆಸಿ. ಆ ಔಷಧಿಯಿಂದ ದೈತ್ಯ ಕೋಶಗಳು ಮಾಯವಾಗಿ ಹೊಸ ಮೂಳೆ ಬೆಳೆಯುತ್ತದೆ. ವಿಷಯ ಗೊತ್ತಿಲ್ಲದ ಪೆಥಾಲಜಿಸ್ಟ್‌ಗೆ ಅದು ಆಸ್ಟಿಯೊಸಾರ್ಕೊಮಾ ಥರ ಕಾಣಬಹುದು.

ಎದೆಯ ಸಿಟಿ ಕೂಡ ಮಾಡಿಸುತ್ತಾರೆ. ನೂರರಲ್ಲಿ ಕೆಲವರಿಗೆ ಈ ಗೆಡ್ಡೆ ಶ್ವಾಸಕೋಶಕ್ಕೂ ಹೋಗುತ್ತದೆ. ಹಾಗೆ ಕಂಡರೂ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ, ಬಹಳ ಜನರಲ್ಲಿ ಅದು ನಿಧಾನವಾಗಿಯೇ ಇರುತ್ತದೆ. ಪಿಟಿಎಚ್ ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ, ನೋಡುತ್ತೇನೆ.